ಒಂಟಿ ಪಾಳಿ

ಶೈಲಾಳಿಗೂ ಅಂತರಿಕ್ಷಕ್ಕೂ ಏನು ಸಂಬಂಧ ಎಂದು ಕೇಳಿದರೆ, ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಲವತ್ತೊಂದು ವರ್ಷದ ಹೆಂಗಸು. ಪುಣೆಯ ಕೋಥರೂಡಿನ ಒಂದು ವಸತಿ ಸೊಸೈಟಿಯಲ್ಲಿ, ಮೂರನೆಯ ಮಹಡಿಯಲ್ಲಿ, ಒಂದು ಕೋಣೆ ಒಂದು ಅಡಿಗೆಮನೆಯ ಬಾಡಿಗೆ ಮನೆ. ಮದುವೆ ಆಗಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳಿ ಕೇಳಿ ದಣಿದವರೂ ಈಗ ಸುಮ್ಮನಾಗಿದ್ದರು. ಚಂದ್ರನ ವಿಚಾರ ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಅಮಾಸಿಗೆ ಅವ್ವ ಕಡಬು ಮಾಡುತ್ತಿದ್ದಳು, ಹುಣ್ಣಿಮೆಗೆ ಹೋಳಿಗೆ. ಅಂಥವಳು 2002ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಮಕ್ಕಳ ಅಂತರಿಕ್ಷ ಶಿಬಿರದ ಮಾರ್ಗದರ್ಶಿಯಾಗಲು, ಕಾಲೇಜು ಹುಡುಗ ಹುಡುಗಿಯರ ನಡುವೆ ತರಬೇತಿಗೆ ಹೋಗಿ ಕೂತಳು. ನಗಬೇಡಿ. ನಗುವವರು ಆಗಲೇ ಸಾಕಷ್ಟು ಜನ ನಕ್ಕು ಮುಗಿಸಿದ್ದಾರೆ.

ಅವಳ ಅಪ್ಪ ಸಿದ್ರಾಮಪ್ಪ ಬೆಳಗಾವಿ ಕಡೆಯಿಂದ ಬಂದು ಭವಾನಿ ಪೇಠೆಯ ಕಾಳಿನ ಅಂಗಡಿಯಲ್ಲಿ ಗುಮಾಸ್ತನಾಗಿ ಸವೆದು, ಎಂದೋ ತೀರಿಕೊಂಡವನು. ಶೈಲಾ ಹುಟ್ಟಿದ್ದು, ಕಲಿತದ್ದು ಎಲ್ಲ ಪುಣೆಯಲ್ಲೇ. ಹೊಸ್ತಿಲು ದಾಟಿದರೆ ಮರಾಠಿ, ಒಳಗೆ ಬಂದರೆ ಅವ್ವನ ಕನ್ನಡ. ಇಪ್ಪತ್ತೊಂದನೆಯ ವಯಸ್ಸಿಗೆ ಹಡಪಸರದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆದಳು, ಹತ್ತೊಂಬತ್ತು ವರ್ಷ ಅಲ್ಲಿಯೇ ಕೂತಳು. ಎದುರಿಗೆ ಬೋರ್ಡು, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಪ್ಲಗ್ಗು. ದೀಪ ಹತ್ತಿದರೆ ಎತ್ತಬೇಕು. ಯಾರನ್ನು ಕೇಳಿದರೋ ಅವರಿಗೆ ಜೋಡಿಸಬೇಕು. ಅವರು ಮಾತಿನಲ್ಲಿದ್ದರೆ ಕೇಳಿದವರನ್ನು ಹೋಲ್ಡಿನಲ್ಲಿ ಇಡಬೇಕು. ಜೋಡಿಸಿದ ಮೇಲೆ ಕಿವಿಗೊಡಬಾರದು. ಕೆಲಸ ಅಂದರೆ ಇಷ್ಟೇ, ಆದರೆ ಇಷ್ಟನ್ನು ಅವಳ ಹಾಗೆ ಮಾಡಿದವರು ಆ ಕಾರ್ಖಾನೆಯಲ್ಲಿ ಇನ್ನೊಬ್ಬರಿರಲಿಲ್ಲ. ಯಾರದೋ ನಿಶ್ಚಯ, ಯಾರದೋ ಸಾವು, ಮ್ಯಾನೇಜರ ಸಾಹೇಬರ ಗುಟ್ಟಿನ ಸಂಸಾರ, ಎಲ್ಲ ಅವಳ ಕೈಯಿಂದ ಹಾದುಹೋದವು. ಕಿವಿಗೆ ಒಂದೂ ತಾಗಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಬೇರೆ ಹೆಂಗಸರು, "ಏನ್ ಶೈಲಾತಾಯಿ, ಇವತ್ತೇನು ಸುದ್ದಿ?" ಎಂದು ಕೆಣಕುತ್ತಿದ್ದರು. ಅವಳ ಬಳಿ ನಿಜಕ್ಕೂ ಸುದ್ದಿ ಇರುತ್ತಿರಲಿಲ್ಲ.

2001ರ ಫೆಬ್ರವರಿಯಲ್ಲಿ ಅವ್ವ ಚನ್ನಬಸವ್ವನನ್ನು ದವಾಖಾನೆಗೆ ಸೇರಿಸಿದ್ದರು. ಎದೆನೋವು, ಆದರೆ ಈಗ ಪರವಾಗಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಶೈಲಾ ಕೆಲಸಕ್ಕೆ ಹೋದಳು. ಕೆಳಗಿನ ಮನೆಯ ಗೌರಾಬಾಯಿ ಅವ್ವನ ಹತ್ತಿರ ಕೂತಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಬೋರ್ಡಿನ ಮೇಲೆ ನಾಲ್ಕು ದೀಪ ಒಟ್ಟಿಗೆ ಹತ್ತಿದವು, ನಡುವೆ ವಿದೇಶದ್ದೊಂದು ಟ್ರಂಕ್ ಕಾಲು. ಶೈಲಾ ನಾಲ್ಕನ್ನೂ ಸರಸರ ಎತ್ತಿದಳು. ಮೂರನೆಯ ಲೈನಿನಲ್ಲಿ ಯಾರೋ "ಶೈಲಾ" ಅಂದರು. ಅವಳು ಮರಾಠಿಯಲ್ಲಿ, "ದಯವಿಟ್ಟು ಹೋಲ್ಡ್ ಮಾಡಿ" ಅಂದು ಮುಂದಿನದಕ್ಕೆ ಹೋದಳು. ನಾಲ್ಕು ನಿಮಿಷದ ಮೇಲೆ ತಿರುಗಿ ಬಂದಾಗ ಆ ದೀಪ ಆರಿತ್ತು. ಅರ್ಧ ತಾಸಿಗೆ ಗೌರಾಬಾಯಿಯ ಫೋನು ಬಂತು, ಅವ್ವ ಹೋದಳು ಎಂದು. ಅದಕ್ಕೂ ಮುಂಚಿನ ಫೋನಿನಲ್ಲಿ ರಿಸೀವರನ್ನು ಅವ್ವನ ಬಾಯಿಗೇ ಹಿಡಿದಿದ್ದಳಂತೆ ಗೌರಾಬಾಯಿ.

ಏನು ಹೇಳಬೇಕಿತ್ತು ಅವ್ವನಿಗೆ? ಗೌರಾಬಾಯಿಯನ್ನು ಕೇಳಿದರೆ, "ನಿನ್ನ ಹೆಸರು ಅಂದ್ರು, ಅಷ್ಟೇ" ಎನ್ನುತ್ತಾಳೆ. ಹೆತ್ತ ತಾಯಿಯ ದನಿ ತಾನು ಗುರುತಿಸಲಿಲ್ಲ ಎಂಬುದನ್ನು ಶೈಲಾ ಯಾರಿಗೂ ಹೇಳಲಿಲ್ಲ. ಮಣ್ಣು ಮಾಡುವ ದಿನ ಅವಳ ಕಣ್ಣಲ್ಲಿ ಒಂದು ಹನಿ ಇಲ್ಲ. ಊರಿಂದ ಬಂದ ನೆಂಟರು, ಹುಡುಗಿ ಭಾಳ ಗಟ್ಟಿ ಎಂದು ಹೊಗಳಿ ಹೋದರು. ಗಟ್ಟಿ ಏನು ಬಂತು ಮಣ್ಣು! ಒಳಗೆ ಏನೂ ಆಗುತ್ತಿರಲಿಲ್ಲ. ಊಟಕ್ಕೆ ಉಪ್ಪು ಹಾಕುವುದನ್ನು ಮರೆತರೆ ಹಾಗೇ ಉಣ್ಣುತ್ತಿದ್ದಳು, ಎರಡು ಸಲ ಹಾಕಿದರೂ ಉಣ್ಣುತ್ತಿದ್ದಳು. ಪಾತ್ರೆಯ ಹಿಡಿ ಕೈ ಸುಟ್ಟರೆ ಚರ್ಮ ಕೆಂಪಾದದ್ದು ಕಂಡು, ಓ ಸುಟ್ಟಿತು ಅಂದುಕೊಳ್ಳುತ್ತಿದ್ದಳು. ಅದೇ ವರ್ಷದ ಕೊನೆಗೆ ಕಾರ್ಖಾನೆಗೆ ತಾನೇ ಮಾತಾಡುವ ಯಂತ್ರ ಬಂತು, ಒಂದು ಒತ್ತಿ ಎರಡು ಒತ್ತಿ ಎನ್ನುವಂಥದ್ದು. ಶೈಲಾಳಿಗೆ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದಕ್ಕೂ ಅಳು ಬರಲಿಲ್ಲ.

ತಮ್ಮ ಅಂಬಣ್ಣನಿಗೆ ಬೆಳಗಾವಿಯಲ್ಲಿ ಪಾಟಿ ಪುಸ್ತಕದ ಅಂಗಡಿ. ಹೆಂಡತಿಗೆ ಬೆನ್ನುಬೇನೆ, ಎರಡು ಸಣ್ಣ ಮಕ್ಕಳು. ಪ್ರತಿ ಭಾನುವಾರ ಗೌರಾಬಾಯಿಯ ಮನೆಗೆ ಫೋನು ಮಾಡುತ್ತಿದ್ದ.

"ಅಕ್ಕಾ, ಬಂದಬಿಡು. ಅಲ್ಲಿ ಒಬ್ಬಾಕಿನ ಕೂತು ಏನ್ ಮಾಡ್ತಿ? ಇಲ್ಲಿ ಮನ್ಯಾಗ ಒಂದು ಕೈ ಬೇಕಾಗ್ಯದ."

"ನೋಡೂಣು," ಎನ್ನುತ್ತಿದ್ದಳು ಶೈಲಾ.

"ನೋಡೂಣು ನೋಡೂಣು ಅಂತ ವರ್ಷ ಆತು. ಕೆಲಸ ಸಿಕ್ರ ಇರು, ನಾ ಬ್ಯಾಡ ಅನ್ನೂದಿಲ್ಲ. ಇಲ್ಲಂದ್ರ ಮೇ ಹದಿನೈದಕ್ಕ ಟೆಂಪೋ ತಗೊಂಡು ಬರ್ತೀನಿ, ಸಾಮಾನು ಕಟ್ಟಿ ಇಡು."

ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಪುಣೆಯ ಮೇಲಿನ ಪ್ರೀತಿಗೆ ಅಂದುಕೊಳ್ಳಬೇಡಿ. ಪ್ರೀತಿ ಗೀತಿ ಏನೂ ಇರಲಿಲ್ಲ. ಹೋದರೆ ಇನ್ನು ಸಾಯುವ ತನಕ ತಮ್ಮನ ಅಡಿಗೆಮನೆಯಲ್ಲಿ ಒಂದು ಕೈ ಆಗಿ ಇರಬೇಕು, ಮತ್ತು ತಾನು ಈಗ ಇರುವ ಸ್ಥಿತಿಯಲ್ಲಿ ಹಾಗಿದ್ದರೂ ತನಗೆ ಬೇಜಾರು ಕೂಡ ಆಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಹೆದರಿಕೆ ಎನ್ನುವುದೊಂದು ಉಳಿದಿದ್ದರೆ ಅದರದೇ. ಹೀಗಿರುವಾಗ ಗೌರಾಬಾಯಿ ಮರಾಠಿ ಪೇಪರಿನಿಂದ ಕತ್ತರಿಸಿದ ಒಂದು ಜಾಹೀರಾತು ತಂದಳು. ಮಕ್ಕಳ ಅಂತರಿಕ್ಷ ಶಿಬಿರಕ್ಕೆ ಮಾರ್ಗದರ್ಶಿಗಳು ಬೇಕು, ಮೂರು ವಾರ ತರಬೇತಿ, ವಯಸ್ಸಿನ ಮಿತಿ ಇಲ್ಲ. "ಹೋಗಿ ಬಾ, ನಿನ್ನೇನು ಮೇಲೆ ಹಾರ್ಸೂದಿಲ್ಲ," ಅಂದಳು ಗೌರಾಬಾಯಿ. ಹೋಗು ಅಂದರು, ಶೈಲಾ ಹೋದಳು.

ಶಿಬಿರ ಅಂದರೆ ಬೇಸಿಗೆ ರಜೆಯಲ್ಲಿ ಖಾಲಿ ಬಿದ್ದ ಒಂದು ಶಾಲೆ. ಹಾಲಿನಲ್ಲಿ ಪ್ಲೈವುಡ್ಡಿನ ನೌಕೆ, ಬೆಳ್ಳಿಬಣ್ಣ ಬಳಿದದ್ದು. ಸ್ಕೂಟರಿನ ಹೆಲ್ಮೆಟ್ಟುಗಳೇ ಅಂತರಿಕ್ಷದ ಹೆಲ್ಮೆಟ್ಟು. ಅಂಗಳದಲ್ಲಿ ಥರ್ಮೋಕೋಲಿನ ಚಂದ್ರ, ಅದನ್ನು ಎರಡು ಕಡೆ ಇಲಿ ತಿಂದಿತ್ತು. ಇದನ್ನೆಲ್ಲ ಕಟ್ಟಿದವನು ಸ್ವಪ್ನಿಲ್ ಎಂಬ ಇಪ್ಪತ್ತೆಂಟರ ಹುಡುಗ. ಪರದೇಶದಲ್ಲಿ ಓದುವಾಗ ಒಂದು ಬೇಸಿಗೆ ಅಂಥ ಶಿಬಿರದಲ್ಲಿ ಕೆಲಸ ಮಾಡಿದ್ದನಂತೆ. ತಿರುಗಿ ಬಂದ ಮೇಲೆ ಇದೊಂದೇ ಹುಚ್ಚು. ಮಾತೆಲ್ಲ ಮರಾಠಿ, ನಡುನಡುವೆ ಇಂಗ್ಲಿಷು. ಮೊದಲ ದಿನವೇ ಎಂಟು ಜನ ಉಮೇದುವಾರರ ಮುಂದೆ ನಿಂತು ಹೇಳಿದ: ಎಂಟರಲ್ಲಿ ಮೂರು ಜನರನ್ನಷ್ಟೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ, ವರ್ಷವಿಡೀ. ಮೇ ಮೂರಕ್ಕೆ ನಿಜವಾದ ಮಕ್ಕಳು ಬರುತ್ತಾರೆ, ಅಂದೇ ಪರೀಕ್ಷೆ.

ಉಳಿದ ಏಳು ಜನ ಅವಳನ್ನು ಮೊದಲು ಚಿಕ್ಕಮ್ಮ ಎನ್ನುವ ಹಾಗೆ ಕಾಕೂ ಅಂದರು, ವಾರ ಕಳೆದ ಮೇಲೆ ಅಕ್ಕ ಎನ್ನುವ ಹಾಗೆ ಶೈಲಾತಾಯಿ ಅಂದರು. ಶೀತಲ್ ಎಂಬ ಹತ್ತೊಂಬತ್ತರ ಹುಡುಗಿಯೊಬ್ಬಳು ಮಾತ್ರ ದಿನಾ ಅವಳ ಪಕ್ಕ ಕೂತು ಡಬ್ಬಿ ಹಂಚಿಕೊಳ್ಳುತ್ತಿದ್ದಳು. ತರಬೇತಿಯೋ, ಅಯ್ಯೋ, ಒಂದಲ್ಲ ಎರಡಲ್ಲ. ತಿರುಗುವ ಕುರ್ಚಿಯಲ್ಲಿ ಗರಗರ ತಿರುಗಿಸಿ ನೆಟ್ಟಗೆ ನಡೆ ಎನ್ನುವುದು. ನಕ್ಷತ್ರಗಳ ಹೆಸರು ಬಾಯಿಪಾಠ. ಬಾಟಲಿಗೆ ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ರಾಕೆಟ್ಟು ಹಾರಿಸುವುದು. ಶೈಲಾಳ ಬಾಟಲಿ ಶಾಲೆಯ ಮಾಳಿಗೆ ದಾಟಿ ಹಿಂದಿನ ಸೊಸೈಟಿಯ ಬಾಲ್ಕನಿಯಲ್ಲಿ ಬಿತ್ತು. ಎಲ್ಲರೂ ಕುಣಿದು ಕೂಗಿದರು. ಇವಳು ಗಡಿಯಾರ ನೋಡಿ, ಐದು ಸೆಕೆಂಡು ಎಂದು ಪುಸ್ತಕದಲ್ಲಿ ಬರೆದಳು.

ಎಲ್ಲಕ್ಕಿಂತ ದೊಡ್ಡ ಪಾಠ ಹತ್ತು ಎಣಿಸುವುದು. ಮಗು ಸಹಾಯ ಕೇಳಿತು ಅನ್ನಿ. ಕೂಡಲೇ ಉತ್ತರ ಕೊಡಬಾರದು. ಮನಸ್ಸಿನಲ್ಲಿ ಒಂದರಿಂದ ಹತ್ತರ ತನಕ ಎಣಿಸಬೇಕು, ಆಮೇಲೆ, ನಿನ್ನ ಮುಂದಿನ ಕೆಲಸ ಯಾವುದು ಎಂದು ಕೇಳಬೇಕು. ಹತ್ತು ಎಣಿಸುವಷ್ಟರಲ್ಲಿ ಹತ್ತರಲ್ಲಿ ಎಂಟು ಮಕ್ಕಳು ತಾವೇ ದಾರಿ ಕಂಡುಕೊಳ್ಳುತ್ತಾರೆ ಎಂದು ಸ್ವಪ್ನಿಲನ ವಾದ. ಅದನ್ನು ಪರೀಕ್ಷಿಸಲು ಅವನು ಒಂದು ಕ್ಯಾಸೆಟ್ ಹಾಕಿದ. ಯಾವುದೋ ಮಗು ಬಿಕ್ಕಿ ಬಿಕ್ಕಿ ಅಳುವುದು, ಅಷ್ಟೇ. ಒಬ್ಬೊಬ್ಬರೇ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು, ಹತ್ತು ಎಣಿಸಬೇಕು. ಶೀತಲ್ ಮೂರಕ್ಕೇ ಹೆಡ್‌ಫೋನ್ ಕಿತ್ತು ತಾನೂ ಅತ್ತಳು. ಒಬ್ಬ ದಾಂಡಿಗ ಹುಡುಗ ಏಳಕ್ಕೆ, "ಬಾಳಾ, ರಡೂ ನಕೋ" ಅಂದುಬಿಟ್ಟ, ಅಳಬೇಡ ಮಗು ಅಂತ. ಶೈಲಾ ಹತ್ತು ಎಣಿಸಿ, ಮೊದಲ ದಿನ ಯಾವ ದನಿಯಲ್ಲಿ ತನ್ನ ಹೆಸರು ಹೇಳಿದ್ದಳೋ ಅದೇ ದನಿಯಲ್ಲಿ, "ನಿನ್ನ ಮುಂದಿನ ಕೆಲಸ ಯಾವುದು?" ಅಂದಳು.

"ನೋಡಿ, ಇದು!" ಸ್ವಪ್ನಿಲ್ ಚಪ್ಪಾಳೆ ಹೊಡೆದ. "ಇದನ್ನ ಕಲಿಸೋಕೆ ನಂಗೆ ಆರು ತಿಂಗಳು ಬೇಕು. ತಾಯಿಗೆ ಹುಟ್ಟಿದಾಗಿಂದನೇ ಇದೆ."

ಎಲ್ಲರೂ ಅವಳ ಕಡೆ ನೋಡಿದರು. ಕ್ಯಾಸೆಟ್ಟಿನ ಮಗು ಅತ್ತದ್ದು ಅವಳಿಗೆ ಕೇಳಿಸಿತ್ತು, ಪಕ್ಕದ ಮನೆಯಲ್ಲಿ ನಲ್ಲಿ ಸೋರುವುದು ಕೇಳಿಸಿದ ಹಾಗೆ. ಅದನ್ನು ಗುಣ ಎನ್ನುತ್ತಿದ್ದಾರಲ್ಲ ಎಂದು ಅವಳಿಗೆ ಸ್ವಲ್ಪ ಮುಜುಗರವಾಗಬೇಕಿತ್ತು. ಆಗಲಿಲ್ಲ. "ಹೌದ್ರಿ" ಎಂದು ಬಾಯಿಗೆ ಬಂದದ್ದನ್ನು ತಿದ್ದಿ, ಮರಾಠಿಯಲ್ಲಿ "ಹೋ" ಅಂದಳು.

ಇನ್ನು ಅವಳ ಹೆಸರು ಪಟ್ಟಿಯ ಮೇಲಕ್ಕೆ ಹೋದದ್ದು ಒಂದು ಹಳೆಯ ಬೋರ್ಡಿನಿಂದ. ನೌಕೆಗೂ ನೆಲದ ಕಂಟ್ರೋಲ್ ಕೋಣೆಗೂ ನಡುವೆ ಮಾತಿಗಾಗಿ ಸ್ವಪ್ನಿಲ್ ಹಳೆ ಸಾಮಾನು ಮಾರುವ ಜುನಾ ಬಜಾರಿನಿಂದ ಹತ್ತು ಲೈನಿನ ಟೆಲಿಫೋನ್ ಬೋರ್ಡನ್ನು ಹೊತ್ತು ತಂದಿದ್ದ. ಯಾರಿಗೂ ಅದರ ತಲೆ ಬುಡ ತಿಳಿಯಲಿಲ್ಲ. ಶೈಲಾ ಹಿಂದಿನ ತಗಡು ಬಿಚ್ಚಿ, ಧೂಳು ಊದಿ, ಒಂದು ತಾಸಿನಲ್ಲಿ ಆರು ಲೈನುಗಳನ್ನು ನೌಕೆಗೆ, ಒಂದನ್ನು ಡಾಕ್ಟರರನ್ನು ಕರೆಯಬೇಕಾದರೆ ಇರಲಿ ಎಂದು ಶಾಲೆಯ ಆಫೀಸಿನ ಫೋನಿಗೆ ಜೋಡಿಸಿಕೊಟ್ಟಳು. ಕಂಟ್ರೋಲ್ ಕೋಣೆ ಶೈಲಾತಾಯಿಯದು ಎಂದು ಅಂದೇ ತೀರ್ಮಾನವಾಯಿತು. ಕೆಲಸ ಸಿಕ್ಕಿತೆಂದೇ ತಿಳಿಯಿರಿ ಎಂದು ಸ್ವಪ್ನಿಲ್ ಕಿವಿಯಲ್ಲಿ ಹೇಳಿದ. ಭಾನುವಾರ ಅದನ್ನು ಅಂಬಣ್ಣನಿಗೆ ತಿಳಿಸಿದಾಗ, "ಹಂ, ನೋಡೂಣು" ಎಂದು ಈ ಸಲ ಅವನೇ ಅಂದ.

ಮೇ ಮೂರು ಬಂತು. ನಲವತ್ತು ಮಕ್ಕಳು, ಐದು ದಿನ ಶಾಲೆಯಲ್ಲೇ ವಾಸ. ಅವರಲ್ಲಿ ಹತ್ತು ಮಕ್ಕಳನ್ನು ಪುಣೆಯ ಹೊರಗೆ ಚಾಕಣದ ಒಂದು ಕಾರ್ಖಾನೆ ಕಳಿಸಿತ್ತು, ತನ್ನ ಕೆಲಸಗಾರರ ಮಕ್ಕಳು. ಪರೀಕ್ಷೆಗೆ ಆರು ಮಕ್ಕಳ ಒಂದು ತಂಡ: ಬೆಳಿಗ್ಗೆ ಹತ್ತಕ್ಕೆ ನೌಕೆ ಹತ್ತಿ, ಮಧ್ಯಾಹ್ನ ಮೂರಕ್ಕೆ ಚಂದ್ರನ ಮೇಲೆ ಇಳಿಯಬೇಕು. ಈ ಯಾನದಲ್ಲಿ ಒಂಟಿ ಪಾಳಿ ಎಂದೊಂದು ಇತ್ತು. ಐದು ಮಕ್ಕಳು ದೊಡ್ಡ ನೌಕೆಯಲ್ಲಿ ಇಳಿಯುವ ತಯಾರಿ ನಡೆಸುವಾಗ, ಆರನೆಯ ಮಗು ಪಕ್ಕದ ಸಣ್ಣ ಗೂಡಿನಲ್ಲಿ ಒಂದೇ ಕೂತು ಚಂದ್ರನ ಹಿಂಬದಿಗೆ ಸುತ್ತು ಹಾಕಬೇಕು. ಇಪ್ಪತ್ತು ನಿಮಿಷ. ಬಾಗಿಲಿಗೆ ಬೀಗವಿಲ್ಲ, ಆದರೆ ತೆರೆಯಬಾರದು. ಮಾತು ಕಂಟ್ರೋಲ್ ಜೊತೆ ಮಾತ್ರ. ಸ್ವಪ್ನಿಲ್‌ನ ಮಟ್ಟಿಗೆ ಇಡೀ ಶಿಬಿರವೇ ಆ ಇಪ್ಪತ್ತು ನಿಮಿಷ. "ಒಳಗೆ ಹೋದ ಮಗು ಬೇರೆ, ಹೊರಗೆ ಬಂದ ಮಗು ಬೇರೆ," ಎಂದು ಅವನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಅದಕ್ಕೇ ಕಟ್ಟಪ್ಪಣೆ: ಒಂಟಿ ಪಾಳಿಯ ಮಗುವಿನ ಮುಂದೆ ಮನೆಯ ಮಾತು ಎತ್ತಬಾರದು.

ಪಾಳಿ ಬಂದದ್ದು ಪೂರ್ವಾ ಎಂಬ ಹತ್ತು ವರ್ಷದ ಹುಡುಗಿಗೆ, ಚಾಕಣದವಳು. ಎರಡು ಗಂಟೆಗೆ ಗೂಡಿಗೆ ಹೋದಳು. ಸ್ವಪ್ನಿಲ್ ಅಂಗಳದಲ್ಲಿ ಚಂದ್ರನಿಗೆ ಲೈಟು ಕಟ್ಟುತ್ತಿದ್ದ. ಕಂಟ್ರೋಲ್ ಕೋಣೆಯಲ್ಲಿ ಬೋರ್ಡಿನ ಮುಂದೆ ಶೈಲಾ, ಪಕ್ಕದಲ್ಲಿ ಬರೆದುಕೊಳ್ಳಲು ಶೀತಲ್. ಆರು ಮಕ್ಕಳ ಹೆಡ್‌ಫೋನುಗಳಲ್ಲೂ ಎಲ್ಲರ ಮಾತು ಎಲ್ಲರಿಗೂ ಕೇಳುತ್ತಿತ್ತು, ಯಾನದ ನಿಯಮ ಹಾಗೆ.

ಏಳನೆಯ ನಿಮಿಷಕ್ಕೆ ಗೂಡಿನ ದೀಪ ಹತ್ತಿತು.

"ಕಂಟ್ರೋಲ್," ಪೂರ್ವಾ ಮರಾಠಿಯಲ್ಲಿ ಅಂದಳು, "ಇಲ್ಲಿ ಕತ್ತಲೆ ಇದೆ."

ಶೈಲಾ ಹತ್ತು ಎಣಿಸಿದಳು. "ನಿನ್ನ ಮುಂದಿನ ಕೆಲಸ ಯಾವುದು?"

"ಇಂಧನದ ಮುಳ್ಳು ಓದೋದು." ಓದಿದಳು. "ನಲವತ್ತು."

"ಬರೋಬರ್."

ಶೀತಲ್ ಹೆಬ್ಬೆರಳು ಎತ್ತಿ ತೋರಿಸಿದಳು. ಹನ್ನೊಂದನೆಯ ನಿಮಿಷಕ್ಕೆ ಮತ್ತೆ ದೀಪ. ಈ ಸಲ ಮಾತಿಲ್ಲ, ಉಸಿರು ಮಾತ್ರ. ಆಮೇಲೆ ತೀರ ಸಣ್ಣ ದನಿಯಲ್ಲಿ, ಕನ್ನಡದಲ್ಲಿ, ಪೂರ್ವಾ ಅಂದಳು:

"ನನಗ ಅವ್ವ ಬೇಕು."

"ಕಾಯ್ ಮ್ಹಣಾಲೀ?" ಏನಂದಳು ಎಂದು ಶೀತಲ್ ಕೇಳಿದಳು, ಪೆನ್ನು ಹಿಡಿದುಕೊಂಡು. ಆ ಕೋಣೆಯಲ್ಲಿ ಅದು ತಿಳಿದದ್ದು ಶೈಲಾಳೊಬ್ಬಳಿಗೇ. ಒಂದೂ ಕಾಲು ವರ್ಷದಿಂದ ಅವಳ ಎದುರಿಗೆ ಯಾರೂ ಆ ಶಬ್ದ ಕೂಗಿರಲಿಲ್ಲ. ಎಣಿಸಲು ಶುರು ಮಾಡಿದಳು. ಒಂದು, ಎರಡು, ಮೂರು. ನಾಲ್ಕಕ್ಕೆ ಅವಳ ಬಲಗೈ ತಾನಾಗಿ ಎದ್ದು ಶಾಲೆಯ ಫೋನಿನ ಪ್ಲಗ್ಗನ್ನು ಎತ್ತಿತು. ಎಡಗೈ ಮಕ್ಕಳ ಅರ್ಜಿಯ ಫೈಲು ತೆರೆದು ಪೂರ್ವಾಳ ತಾಯಿಯ ಹೆಸರು, ಕಾರ್ಖಾನೆಯ ನಂಬರು ಹುಡುಕಿತು. ಯಾರನ್ನು ಕೇಳಿದರೋ ಅವರಿಗೆ ಜೋಡಿಸಬೇಕು. ಹತ್ತೊಂಬತ್ತು ವರ್ಷ ಆ ಕೈಗಳಿಗೆ ಬೇರೆ ಏನೂ ಕಲಿಸಿರಲಿಲ್ಲ.

"ಇರವ್ವಾ, ಜೋಡಿಸ್ತೀನಿ," ಅಂದಳು.

ಚಾಕಣದ ಕಾರ್ಖಾನೆಯಲ್ಲಿ ಇನ್ನೂ ಯಂತ್ರ ಬಂದಿರಲಿಲ್ಲ, ಯಾರೋ ಹೆಂಗಸೇ ಎತ್ತಿದಳು. "ವೈರಿಂಗ್ ಲೈನಿನ ನಾಗವ್ವ ಬೇಕು, ಆಪರೇಟರ್ ಮಾತಾಡ್ತಾ ಇದ್ದೀನಿ, ಜೋಡಿಸಿಕೊಡಿ," ಅಂದಳು ಶೈಲಾ. ಆಪರೇಟರಿಗೆ ಆಪರೇಟರು ಇಲ್ಲ ಎನ್ನುವುದಿಲ್ಲ. ಆದರೂ ವೈರು ಜೋಡಿಸುವ ಲೈನಿನಿಂದ ಮನುಷ್ಯರು ಎದ್ದು ಬರಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಶೈಲಾ ಗೂಡಿನ ಲೈನು ಬಿಡಲಿಲ್ಲ.

"ಇದ್ದೀಯೇನು?"

"ಹಾಂ."

"ಬರ್ತಾಳ. ಇದ್ದೀಯೇನು?"

"ಹಾಂ."

ಶೀತಲ್ ಪೆನ್ನು ಕೆಳಗಿಟ್ಟು, "ತಾಯಿ, ಏನು ಮಾಡ್ತಿದ್ದೀರಿ? ತಾಯಿ!" ಎನ್ನುತ್ತಿದ್ದಳು. ಅಷ್ಟರಲ್ಲಿ ಆ ಕಡೆ ಏದುಸಿರು ಕೇಳಿಸಿತು.

"ಪೂರ್ವಾ? ಏನಾತು? ಏನಾತ ನನ್ನವ್ವಾ?"

"ಏನಿಲ್ಲವ್ವಾ. ನಾ ಚಂದ್ರನ ಹಿಂದ ಇದ್ದೀನಿ."

"ಎಲ್ಲಿ?"

"ಚಂದ್ರನ ಹಿಂದ. ಇಲ್ಲಿ ಯಾರೂ ಇಲ್ಲ."

ಪಾಪ, ಆ ತಾಯಿಯಾದರೂ ಇದಕ್ಕೆ ಏನು ಹೇಳಿಯಾಳು!

"ಊಟ ಮಾಡೀಯೇನು?" ಅಂದಳು ನಾಗವ್ವ ಕೊನೆಗೆ.

"ಮಾಡೀನಿ. ಪುಲಾವ್ ಕೊಟ್ರು."

"ಹೊಟ್ಟಿ ತುಂಬ ಉಂಡೆ?"

"ಉಂಡೆ. ಅವ್ವಾ, ಇನ್ನ ನೀ ಇಡು. ನನಗ ಕೆಲಸ ಅದ."

ಶೈಲಾ ಪ್ಲಗ್ಗು ತೆಗೆದಳು. ಪೂರ್ವಾ ಇಂಧನದ ಮುಳ್ಳು ಮೂವತ್ತೆರಡು ಎಂದು ಓದಿದಳು. ಅಲ್ಲಿಗೇ ಮುಗಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಉಳಿದ ಐದು ಹೆಡ್‌ಫೋನುಗಳು? ಭಾಷೆ ತಿಳಿಯದಿದ್ದರೂ, ಫೋನು ಮನೆಗೆ ಹೋಗುತ್ತದೆ ಎಂದು ಆ ಮಕ್ಕಳಿಗೆ ತಿಳಿಯದೇನು? ಐದೂ ದೀಪ ಒಟ್ಟಿಗೆ ಹತ್ತಿದವು. ಒಬ್ಬನಿಗೆ ಅಪ್ಪ ಬೇಕು, ಒಬ್ಬಳಿಗೆ ಸಾತಾರಾದ ಅಜ್ಜಿ ಬೇಕು, ಒಬ್ಬನಿಗೆ ನಾಯಿಯ ಜೊತೆ ಮಾತಾಡಬೇಕು. ಶೈಲಾ ಒಬ್ಬರಾದ ಮೇಲೆ ಒಬ್ಬರಿಗೆ ಜೋಡಿಸುತ್ತಾ ಹೋದಳು. ಅಜ್ಜಿಗೆ ಕಿವಿ ಕೇಳಿಸದು, ಆ ಮಗು ಅಂತರಿಕ್ಷದಿಂದ ಬಾಯಿ ಬಿಟ್ಟು ಅರಚಿತು. ನಾಯಿ ಕೂಡ ಸಿಕ್ಕಿತು. ನೌಕೆಯನ್ನು ನಡೆಸುವವರಿಲ್ಲದೆ ಮೂರು ಗಂಟೆ ಕಳೆದುಹೋಯಿತು, ಚಂದ್ರ ಅಂಗಳದಲ್ಲಿ ಲೈಟು ಹಾಕಿಕೊಂಡು ಕಾಯುತ್ತಾ ಉಳಿಯಿತು.

ಸ್ವಪ್ನಿಲ್ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಖಾಲಿ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತ.

"ಚಂದ್ರನ ಮೇಲೆ ಎಸ್‌ಟಿಡಿ ಬೂತ್ ತೆಗೆದಿರಿ, ತಾಯಿ. ಯಾಕೆ?"

"ಕೇಳಿದಳು. ಜೋಡಿಸಿದೆ."

"ಇನ್ನು ಒಂಬತ್ತು ನಿಮಿಷ ಉಳಿದಿತ್ತು. ಆ ಹುಡುಗಿ ಒಂಬತ್ತು ನಿಮಿಷ ತಾನೇ ಕೂತಿದ್ದರೆ, ಕೂತೆ ಅನ್ನೋದು ಅವಳ ಹತ್ತಿರ ಜನ್ಮ ಇಡೀ ಇರ್ತಿತ್ತು. ಅದನ್ನ ನೀವು ಕಸಿದುಕೊಂಡಿರಿ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದಿತ್ತು."

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಶೈಲಾ "ಹೋ" ಅಂದಳು. ಚೀಲ ತೆಗೆದುಕೊಂಡಳು. ಮೇ ಹದಿನೈದಕ್ಕೆ ಟೆಂಪೋ ಬರುತ್ತದೆ, ಗೋಣಿಚೀಲ ಯಾರ ಹತ್ತಿರ ಕೇಳಬೇಕು ಎಂದು ಯೋಚಿಸುತ್ತಾ ಮೆಟ್ಟಿಲಿಳಿದಳು. ಎದೆಯಲ್ಲಿ ಎಂದಿನಂತೆ ಏನೂ ಇರಲಿಲ್ಲ.

ಗೇಟಿನ ಹತ್ತಿರ ನೀಲಿ ಕಾರ್ಖಾನೆ ಕೋಟಿನ ಹೆಂಗಸೊಬ್ಬಳು ವಾಚಮನ್ನನ ಜೊತೆ ಜಗಳಕ್ಕೆ ನಿಂತಿದ್ದಳು. ಮೈಯೆಲ್ಲ ಬೆವರು. ಎರಡು ಬಸ್ಸು ಬದಲಿಸಿ ಚಾಕಣದಿಂದ ಬಂದಿದ್ದಳು.

"ಫೋನ್ ಹಚ್ಚಿದಾಕಿ ಯಾರು? ಆಕಿನ್ನ ಕರೀರಿ ಮೊದಲ!"

"ನಾನಾ ರೀ," ಅಂದಳು ಶೈಲಾ.

ನಾಗವ್ವ ತಿರುಗಿದಳು. "ನಿಮಗ ಬುದ್ಧಿ ಅದ ಏನ್ರಿ? ಲೈನಿಂದ ಎಬ್ಬಿಸಿ ಕರದ್ರು. ಫೋನಿನ ತನಕ ಹೆಂಗ ಓಡಿ ಬಂದೀನಿ ಗೊತ್ತದ ಏನು? ನನ್ನ ಮಗಳು ಸತ್ತಾಳ ಅಂತನ ತಿಳದಿದ್ದೆ ನಾ. ಸತ್ತಾಳ ಅಂತ! ಮಾತಾಡಿದ ಮ್ಯಾಲೂ ಲೈನಿಗೆ ಹೋಗಿ ಕೂಡಾಕ ಆಗಲಿಲ್ಲ, ಹಂಗ ಬಸ್ ಹತ್ತಿ ಬಂದೆ. ಇದು ಆಟ ಏನ್ರಿ ನಿಮಗ?"

ಶೈಲಾ ಬೈಸಿಕೊಂಡಳು. ನಾಗವ್ವ ಬೈದು ಬೈದು ದಣಿದು ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ತಲೆ ಎತ್ತದೆ ಕೇಳಿದಳು.

"ನನ್ನ ಜೋಡಿ ಮಾತಾಡೂಮುಂದ ಶಾಣ್ಯಾಕಿ ಆಗಿದ್ಲು. ಅದಕ್ಕೂ ಮೊದಲ... ನಿಮ್ಮನ್ನ ಕೇಳಿದ್ಲಲ್ರಿ, ಆವಾಗ ಹೆಂಗ ಕೇಳಿದ್ಲು?"

ಹತ್ತೊಂಬತ್ತು ವರ್ಷ ಯಾರ ದನಿಯನ್ನೂ ಕೇಳದವಳಿಗೆ ಈ ಪ್ರಶ್ನೆ!

"ಮೊದಲ ಸುಮ್ನ ಇದ್ಲು," ಎಂದು ಶೈಲಾ ಶುರು ಮಾಡಿದಳು. "ಮೂಗು ಕಟ್ಟಿತ್ತು. ಎರಡು ಸಲ ಉಗುಳು ನುಂಗಿದ್ಲು. ಅಷ್ಟೊತ್ತನ ಮರಾಠಿ ಆಡ್ತಿದ್ದಾಕಿ, ಆಮ್ಯಾಲೆ ಮರಾಠಿ ಬಿಟ್ಲು. ಸಣ್ಣ ದನ್ಯಾಗ ಅಂದ್ಲು, ಯಾರರ ಕೇಳಿ ಬೈದಾರು ಅನ್ನೂಹಂಗ. ನನಗ ಅವ್ವ..."

ಮಾತು ಅಲ್ಲಿಗೆ ನಿಂತಿತು. ಆಮೇಲೆ ಹೊರಟದ್ದು ಮಾತಲ್ಲ. ಶೈಲಾ ಆ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ಅಂಥ ಅಳುವನ್ನು ವಾಚಮನ್ನನೂ ಕಂಡಿರಲಿಲ್ಲ, ಬೀಡಿ ಎಸೆದು ಎದ್ದು ನಿಂತ. ಹೊಟ್ಟೆ ಹಿಡಿದುಕೊಂಡು, ಮೂಗು ಬಾಯಿ ಎಲ್ಲ ಒಂದಾಗಿ, ಅವ್ವಾ ಅವ್ವಾ ಎಂದು ಅತ್ತಳು. ನಾಗವ್ವ ಗಾಬರಿಯಾದಳು. "ಅಯ್ಯ ನಮ್ಮವ್ವಾ, ನಾ ಹಂಗ ಬೈಬಾರದಿತ್ರಿ. ನೀರು ಕುಡೀರಿ, ಕುಡೀರಿ," ಎಂದು ತನ್ನ ಬಾಟಲಿಯನ್ನೇ ಬಾಯಿಗೆ ಹಿಡಿದಳು. ತಾಯಿ ಬಂದ ಸುದ್ದಿ ಕೇಳಿ ಪೂರ್ವಾ ಹೊರಗೆ ಓಡಿ ಬಂದಿದ್ದಳು. ಶೈಲಾಳ ಮುಖವನ್ನು ಅವಳು ಅಂದೇ ಮೊದಲು ನೋಡಿದ್ದು. "ಯಾರವ್ವಾ ಇವರು? ಯಾಕ ಅಳಾಕತ್ತಾರ?" ಅಂದಳು.

"ಅವರವ್ವ ತೀರಿಕೊಂಡಾಳಂತ," ಎಂದಳು ನಾಗವ್ವ, ಬಿಕ್ಕಿನ ನಡುವೆ ಶೈಲಾ ಅಷ್ಟು ಹೇಳಿದ್ದಳು. ಯಾವಾಗ ಎಂದು ಕೇಳಲಿಲ್ಲ. ಈಗಷ್ಟೇ ಎಂದುಕೊಂಡಳೋ ಏನೋ.

ಮುಖ ತೊಳೆದುಕೊಂಡ ಮೇಲೆ ಶೈಲಾ ತಿರುಗಿ ಮೆಟ್ಟಿಲು ಹತ್ತಿದಳು. ಸ್ವಪ್ನಿಲ್ ಇನ್ನೂ ಆ ಬೋರ್ಡಿನ ಮುಂದೆಯೇ ಕೂತಿದ್ದ.

"ದೀಪಾವಳಿ ರಜೆಗೆ ಮತ್ತೆ ತರಬೇತಿ ಇದೆಯಂತಲ್ಲ. ನನ್ನ ಹೆಸರು ಬರೆದುಕೊಳ್ಳಿ."

ಅವನು ಅವಳ ಊದಿದ ಕಣ್ಣು ನೋಡಿದ. "ನಿಮಗೆ ತರಬೇತಿ ಯಾಕೆ ತಾಯಿ? ಎಲ್ಲ ಬರ್ತಿತ್ತು ನಿಮಗೆ. ಬಂದೂ ಹೀಗೆ ಮಾಡಿದಿರಿ."

"ಏನೂ ಬರ್ತಿರಲಿಲ್ಲ. ಇನ್ನು ಮೇಲೆ ಹತ್ತು ಎಣಿಸೋದು ನನಗೆ ಭಾಳ ಕಷ್ಟ ಆಗ್ತದೆ. ಅದಕ್ಕೇ ಕಲೀಬೇಕು."

"ಬಘೂ," ಅಂದ ಸ್ವಪ್ನಿಲ್. ನೋಡೋಣ ಅಂತ. ಬರೆದುಕೊಳ್ಳುತ್ತೇನೆ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಸಂಜೆ ಆರಕ್ಕೆ ಕರ್ವೆ ಪುತ್ಥಳಿಯ ಹತ್ತಿರ ಬಸ್ಸಿಳಿದು, ಬೂತಿನಿಂದ ಬೆಳಗಾವಿಗೆ ಫೋನು ಹಚ್ಚಿದಳು. ಅಂಬಣ್ಣ ಅಂಗಡಿಯಲ್ಲಿದ್ದ, ಗಿರಾಕಿಗಳ ಗದ್ದಲ.

"ಕೆಲಸ ಆಗಲಿಲ್ಲೋ ಅಂಬಣ್ಣಾ."

"ಹೋಗ್ಲಿ ಬಿಡು. ಹಂಗಾರ ಹದಿನೈದಕ್ಕ ಟೆಂಪೋದಾವಗ ಹೇಳ್ತೀನಿ."

"ಬ್ಯಾಡ. ನಾ ಬರೂದಿಲ್ಲ."

"ಮತ್ತ ಶುರು ಮಾಡಿದಿ! ಕೆಲಸಿಲ್ಲ, ಬೊಗಸಿಲ್ಲ. ಏನದ ನಿನಗ ಅಲ್ಲಿ?"

"ಕೆಲಸ ಹುಡುಕ್ತೀನಿ. ಯಾವುದರ ದವಾಖಾನ್ಯಾಗ ಫೋನ್ ಎತ್ತೂದರ ಸಿಗ್ತದ." ಉಸಿರು ತೆಗೆದುಕೊಂಡಳು. "ಅಂಬಣ್ಣಾ, ಇವತ್ತ ನಾ ಅತ್ತೆ. ಅವ್ವ ಹೋದಮ್ಯಾಲೆ ಇವತ್ತ ಮೊದಲನೇ ಸಲ ಅಳು ಬಂತು ನನಗ. ಅದು ಇನ್ನೂ ಮುಗದಿಲ್ಲ. ನಿನ್ನ ಅಡಗಿಮನ್ಯಾಗ ನಿಂತು ಅಳಾಕ ನನಗ ಆಗೂದಿಲ್ಲ. ಇಲ್ಲೇ, ಆಕಿ ಇದ್ದ ಮನ್ಯಾಗ ಅಳಬೇಕು."

ಬೈಯುತ್ತಾನೆ ಎಂದು ಕಾದಳು. ಆ ಕಡೆ ಯಾರೋ ರಬ್ಬರು ಪೆನ್ಸಿಲ್ಲು ಕೇಳುತ್ತಿದ್ದರು. "ನಾಳೆ ಬರ್ರಿ," ಎಂದು ಅಂಬಣ್ಣ ಅವರನ್ನು ಕಳಿಸಿದ್ದು ಕೇಳಿಸಿತು. ಶಟರ್ ಅರ್ಧ ಎಳೆದ ಸದ್ದು.

"ಅಕ್ಕಾ."

"ಹೂಂ."

"ನನಗ ಇನ್ನೂ ಬಂದಿಲ್ಲ."

"ಏನು?"

"ಅಳು."

ಬೂತಿನ ಹೊರಗೆ ಇಬ್ಬರು ಪಾಳಿಗೆ ಕಾಯುತ್ತಿದ್ದರು, ಒಬ್ಬ ಗಾಜು ಬಡಿದ. ಶೈಲಾ ಅವನಿಗೆ ಬೆನ್ನು ತಿರುಗಿಸಿ, ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ತಮ್ಮ ಉಸಿರಾಡುವುದು ಕೇಳುತ್ತಿತ್ತು.

"ಇದ್ದೀಯೇನು?" ಅಂದ ಅಂಬಣ್ಣ.

"ಇದ್ದೀನಿ," ಅಂದಳು.